ಸೋತರೂ ಸೈನಿಕರಿಗೆ ಬರವಿಲ್ಲದ ರೋಮ್

ರೋಮ್ ಗ್ರೀಕ್ ನಾಡುಗಳನ್ನು ಗೆದ್ದ ಬಗೆಯನ್ನು ಕುರಿತು ಓದುಗರಿಂದ ಬಂದಿರುವ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅವುಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಳ್ಳಲಾಗಿದೆ. ಇಲ್ಲಿ ಬರುವ ವರ್ಷಗಳೆಲ್ಲ ಕ್ರಿಸ್ತಪೂರ್ವದವು.

ಪ್ರಶ್ನೆ: ಅಲೆಕ್ಸಾಂಡರನ ಉತ್ತರಾಧಿಕಾರಿಗಳು ಕಟ್ಟಿದ ರಾಜ್ಯಗಳು ಸಂಪತ್ತಿನಲ್ಲೂ ಯುದ್ಧವಿದ್ಯೆಯಲ್ಲೂ ಹೆಸರಾಗಿದ್ದವು. ಆದರೂ 200ರಿಂದ 168ರ ನಡುವೆ ರೋಮ್ ಮ್ಯಾಸಿಡೋನಿಯಾವನ್ನು ಎರಡು ಬಾರಿ, ಸಿರಿಯಾದ ಸೆಲ್ಯೂಸಿಡ್ ದೊರೆಯನ್ನು ಒಮ್ಮೆ ಸೋಲಿಸಿತು. ರೋಮನ್ ಸೇನಾದಳವಾದ ಲೀಜನ್ ಗ್ರೀಕರ ಫ್ಯಾಲಂಕ್ಸ್‌ಗಿಂತ ಉತ್ತಮವಾಗಿದ್ದುದೇ ಇದಕ್ಕೆ ಕಾರಣವೆಂದು ಪಠ್ಯಪುಸ್ತಕಗಳಲ್ಲಿ ಓದಿದ್ದೇನೆ. ಈ ವಿವರಣೆ ಸಾಕೇ? (ಧಾರವಾಡದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು)

ಉತ್ತರ: ಅದರಲ್ಲಿ ಸತ್ಯಾಂಶವಿದೆ, ಆದರೆ ಅದೊಂದೇ ಸಾಲದು. ಆರು ಮೀಟರಿಗೂ ಮಿಕ್ಕಿದ ಉದ್ದದ ಈಟಿಯನ್ನು ಎರಡೂ ಕೈಗಳಲ್ಲಿ ಹಿಡಿದು, ಒತ್ತೊತ್ತಾಗಿ ಸಾಲುಗಟ್ಟಿ ಮುನ್ನಡೆಯುವ ಫ್ಯಾಲಂಕ್ಸ್ ಸಮತಟ್ಟಾದ ನೆಲದಲ್ಲಿ ಎದುರಿನಿಂದ ಭೇದಿಸಲಾಗದ ವ್ಯೂಹವಾಗಿತ್ತು. ನೆಲ ಏರುತಗ್ಗಾದರೆ, ಸಾಲಿನಲ್ಲಿ ಬಿರುಕು ಮೂಡಿದರೆ, ಶತ್ರು ಪಕ್ಕದಿಂದಲೋ ಬೆನ್ನ ಕಡೆಯಿಂದಲೋ ನುಗ್ಗಿದರೆ, ಆ ಉದ್ದದ ಈಟಿಗಳೇ ಸೈನಿಕರಿಗೆ ಹೊರೆಯಾಗುತ್ತಿದ್ದವು. 197ರಲ್ಲಿ ಥೆಸ್ಸಲಿಯ ಸೈನೋಸೆಫಲೇ ಗುಡ್ಡಗಳಲ್ಲಿ ಆದದ್ದು ಇದೇ. ಮ್ಯಾಸಿಡೋನಿಯಾದ ಐದನೆಯ ಫಿಲಿಪ್ ದೊರೆಯ ಬಲಪಾರ್ಶ್ವ ರೋಮನರನ್ನು ಇಳಿಜಾರಿನಲ್ಲಿ ಹಿಂದಕ್ಕೆ ಒತ್ತುತ್ತಿದ್ದಾಗ, ಇನ್ನೊಂದು ಪಾರ್ಶ್ವದಲ್ಲಿ ಗೆಲ್ಲುತ್ತಿದ್ದ ರೋಮನ್ ಅಧಿಕಾರಿಯೊಬ್ಬನು ಯಾರ ಅಪ್ಪಣೆಗೂ ಕಾಯದೆ ಇಪ್ಪತ್ತು ಸಣ್ಣ ತುಕಡಿಗಳನ್ನು ತಿರುಗಿಸಿಕೊಂಡು ಬಂದು ಫ್ಯಾಲಂಕ್ಸ್‌ನ ಬೆನ್ನಿಗೆ ಬಿದ್ದನು. ಮ್ಯಾಸಿಡೋನಿಯಾದ ಕಡೆ 8,000 ಜನ ಸತ್ತು 5,000 ಜನ ಸೆರೆಯಾದರೆ, ರೋಮನರ ಕಡೆ ಸತ್ತವರು ಸುಮಾರು 700 ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆಯುತ್ತಾನೆ. ಆ ಅಧಿಕಾರಿಯ ಹೆಸರನ್ನು ಅವನು ದಾಖಲಿಸಿಲ್ಲ.

ಆದರೆ ಇದಕ್ಕೂ ಎಂಬತ್ತು ವರ್ಷಗಳ ಹಿಂದಿನ ಪ್ರಸಂಗವೊಂದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ದಕ್ಷಿಣ ಇಟಲಿಯ ಗ್ರೀಕ್ ನಗರವಾದ ಟರೆಂಟಮ್ ಕರೆದ ಮೇರೆಗೆ ಎಪೈರಸ್‌ನ ದೊರೆ ಪಿರ್ರಸ್ 280ರಲ್ಲಿ 20,000 ಕಾಲಾಳು, 3,000 ಸವಾರರು, 20 ಆನೆಗಳು ಹಾಗೂ ಬಿಲ್ಲುಗಾರರೊಡನೆ ಸಮುದ್ರ ದಾಟಿ ಬಂದನು. ಹೆರಾಕ್ಲಿಯಾದಲ್ಲಿ ಒಮ್ಮೆ, ಮರುವರ್ಷ ಆಸ್ಕ್ಯುಲಮ್‌ನಲ್ಲಿ ಮತ್ತೊಮ್ಮೆ, ಅವನ ಸೈನ್ಯ ರೋಮನ್ ಲೀಜನ್‌ಗಳನ್ನು ಸೋಲಿಸಿತು. ಹಾಗಿದ್ದೂ ಯುದ್ಧವನ್ನು ಕಳೆದುಕೊಂಡವನು ಅವನೇ. ತನ್ನೊಡನೆ ಬಂದಿದ್ದ ನುರಿತ ದಳಪತಿಗಳೂ ಸೈನಿಕರೂ ಸತ್ತಾಗ ಅವರ ಜಾಗಕ್ಕೆ ತರಲು ಅವನಿಗೆ ಜನರಿರಲಿಲ್ಲ. ಸೋತ ರೋಮನರ ದಂಡು ಮುಂದಿನ ವರ್ಷದ ಹೊತ್ತಿಗೆ ಮತ್ತೆ ತುಂಬಿರುತ್ತಿತ್ತು. ಕಡಿದಂತೆಲ್ಲ ತಲೆ ಚಿಗುರುವ ಲೆರ್ನಾದ ಸರ್ಪದೊಡನೆ ಹೋರಾಡಬೇಕಾದೀತೆಂದು ಅವನ ರಾಯಭಾರಿ ಸಿನಿಯಸ್ ಎಚ್ಚರಿಸಿದನೆಂದು ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಹೇಳುತ್ತಾನೆ. 275ರ ಬೆನೆವೆಂಟಮ್ ಯುದ್ಧದ ನಂತರ ಪಿರ್ರಸ್ ಹಿಂದಿರುಗಿದನು, 272ರಲ್ಲಿ ಟರೆಂಟಮ್ ರೋಮಿನ ಕೈಸೇರಿತು.

ಇದರಿಂದ ರೋಮನರು ರಣರಂಗದಲ್ಲಿ ಯಾವಾಗಲೂ ಹೆಚ್ಚು ಸಂಖ್ಯೆಯಲ್ಲಿ ಇರುತ್ತಿದ್ದರೆಂದು ತಿಳಿಯಬಾರದು. ಗ್ರೀಕ್ ದೊರೆಗಳು ಅಗಾಧವಾದ ಸೈನ್ಯಗಳನ್ನು ಕಣಕ್ಕಿಳಿಸಬಲ್ಲವರಾಗಿದ್ದರು. 217ರಲ್ಲಿ ಗಾಜಾದ ದಕ್ಷಿಣಕ್ಕಿರುವ ರಾಫಿಯಾದಲ್ಲಿ ಈಜಿಪ್ಟಿನ ನಾಲ್ಕನೆಯ ಟಾಲೆಮಿ 70,000 ಕಾಲಾಳುಗಳನ್ನೂ ಸೆಲ್ಯೂಸಿಡ್ ದೊರೆ ಮೂರನೆಯ ಆಂಟಿಯೋಕಸ್ 62,000 ಕಾಲಾಳುಗಳನ್ನೂ ನಿಲ್ಲಿಸಿದ್ದರು. ಏಷ್ಯಾ ಮೈನರಿನ ಮ್ಯಾಗ್ನೀಸಿಯಾದಲ್ಲಿ ಇದೇ ಆಂಟಿಯೋಕಸ್ ರೋಮನರನ್ನು ಎದುರಿಸಿದಾಗ ಅವನ ಸೈನ್ಯ ಅವರದಕ್ಕಿಂತ ಎರಡರಷ್ಟಿತ್ತೆಂದು ರೋಮನ್ ಇತಿಹಾಸಕಾರ ಲಿವಿ ಬರೆಯುತ್ತಾನೆ. ಆ ಲೆಕ್ಕದಲ್ಲಿ ಉತ್ಪ್ರೇಕ್ಷೆಯಿದ್ದರೂ ರೋಮನರು ಅಲ್ಲಿ ಅಲ್ಪಸಂಖ್ಯಾತರಾಗಿದ್ದರೆಂಬುದನ್ನು ಅನುಮಾನಿಸಲು ಕಾರಣವಿಲ್ಲ. ನೋಡಬೇಕಾದದ್ದು ಆ ಒಂದು ದಿನದ ಸಂಖ್ಯೆಯನ್ನಲ್ಲ; ಆ ಸೈನ್ಯ ಹಾಳಾದರೆ ಅದರ ಹಿಂದೆ ಏನು ಉಳಿದಿರುತ್ತಿತ್ತು ಎಂಬುದನ್ನು. ದೊರೆಗಳ ಫ್ಯಾಲಂಕ್ಸ್ ಗ್ರೀಕ್ ಮತ್ತು ಮ್ಯಾಸಿಡೋನಿಯಾ ಮೂಲದ ಸೀಮಿತ ಕುಟುಂಬಗಳಿಂದ ತುಂಬುತ್ತಿತ್ತು, ಉಳಿದದ್ದು ಹಣ ಕೊಟ್ಟು ತಂದ ಕೂಲಿ ಸೈನಿಕರಿಂದ. ರಾಫಿಯಾದ ಹೊತ್ತಿಗೆ ಟಾಲೆಮಿ ಸ್ಥಳೀಯ ಈಜಿಪ್ಟಿನವರನ್ನು ಫ್ಯಾಲಂಕ್ಸ್‌ಗೆ ಸೇರಿಸಿಕೊಂಡು ಗೆದ್ದನು, ನಿಜ. ಆದರೆ ಆಯುಧ ಹಿಡಿದು ಆತ್ಮವಿಶ್ವಾಸ ಗಳಿಸಿದ ಆ ಜನ ಬೇಗನೆ ಅರಸೊತ್ತಿಗೆಯ ವಿರುದ್ಧವೇ ಬಂಡೆದ್ದರು.

ಎರಡು ಸೋಲುಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. 216ರಲ್ಲಿ ದಕ್ಷಿಣ ಇಟಲಿಯ ಕ್ಯಾನೇ ಬಯಲಿನಲ್ಲಿ, ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ಸೇನಾಪತಿ ಹ್ಯಾನಿಬಲ್ ಎಂಟು ಲೀಜನ್‌ಗಳನ್ನೂ ಅವುಗಳ ಮಿತ್ರಪಡೆಗಳನ್ನೂ ಒಂದೇ ದಿನದಲ್ಲಿ ನಾಶಮಾಡಿದನು. ಲಿವಿಯ ಕಡಿಮೆ ಲೆಕ್ಕದಂತೆಯೇ ಸತ್ತವರು 48,000ದಷ್ಟು. ರೋಮ್ ಹದಿನೇಳು ತುಂಬದ ಹುಡುಗರನ್ನು ಸೇರಿಸಿಕೊಂಡಿತು, 8,000 ಗುಲಾಮರನ್ನು ಸರ್ಕಾರದ ಹಣದಿಂದ ಕೊಂಡು ಆಯುಧ ಕೊಟ್ಟಿತು, ಸೆರೆಮನೆಯಲ್ಲಿದ್ದವರನ್ನು ಬಿಡಿಸಿ ದಂಡಿಗೆ ಸೇರಿಸಿತು. 197ರಲ್ಲಿ ಫಿಲಿಪ್ ಕೂಡ ಹದಿನಾರರ ಹುಡುಗರನ್ನೂ ಸೇವೆ ಮುಗಿಸಿ ಮನೆ ಸೇರಿದ್ದ ಹಿರಿಯರನ್ನೂ ಕರೆಯಬೇಕಾಗಿತ್ತು. ಅವನು ಹಾಗೆ ಮಾಡಿದ್ದು ಸೈನೋಸೆಫಲೇಗೆ ಮೊದಲು, ಆ ಒಂದು ಯುದ್ಧದ ನಂತರ ಅವನು ಸಂಧಿಗೆ ಬಂದನು. ರೋಮ್ ಕ್ಯಾನೇಯ ನಂತರ ಇನ್ನೂ ಹದಿನಾಲ್ಕು ವರ್ಷ ಯುದ್ಧ ಮಾಡಿತು, ಮತ್ತು 212ರ ಸುಮಾರಿಗೆ ಇಟಲಿ, ಸಿಸಿಲಿ, ಸಾರ್ಡಿನಿಯಾ, ಸ್ಪೇನ್‌ಗಳಲ್ಲೆಲ್ಲ ಸೇರಿ ಇಪ್ಪತ್ತೈದರಷ್ಟು ಲೀಜನ್‌ಗಳನ್ನು ನಿಲ್ಲಿಸಿತ್ತು.

ಪ್ರಶ್ನೆ: ಒಂದು ನಗರಕ್ಕೆ ಅಷ್ಟೊಂದು ಸೈನಿಕರು ಎಲ್ಲಿಂದ ಬಂದರು? ಏಳು ಲಕ್ಷ ಕಾಲಾಳು ಎಂಬ ಸಂಖ್ಯೆಯನ್ನು ಕೇಳಿದ್ದೇನೆ, ಅದು ನಂಬತಕ್ಕದ್ದೇ? (ಶಿವಮೊಗ್ಗದ ನಿವೃತ್ತ ಅಧ್ಯಾಪಕರೊಬ್ಬರು)

ಉತ್ತರ: ಆ ಸಂಖ್ಯೆ ಪಾಲಿಬಿಯಸ್ ಕೊಟ್ಟದ್ದು. 225ರಲ್ಲಿ ಆಲ್ಪ್ಸ್ ಕಡೆಯಿಂದ ಗಾಲ್ ಜನ ಇಟಲಿಯ ಮೇಲೆ ಬಿದ್ದಾಗ, ತನ್ನ ಅಧೀನದಲ್ಲಿದ್ದ ಎಲ್ಲ ಸಮುದಾಯಗಳಿಂದ ಆಯುಧ ಹಿಡಿಯಬಲ್ಲವರ ಪಟ್ಟಿಯನ್ನು ರೋಮ್ ತರಿಸಿಕೊಂಡಿತು. ಆ ಪಟ್ಟಿಯ ಮೊತ್ತ 7 ಲಕ್ಷಕ್ಕೂ ಮಿಕ್ಕಿದ ಕಾಲಾಳು ಮತ್ತು 70,000 ಸವಾರರು. ರೋಮನ್ನರು ಹಾಗೂ ಕಂಪೇನಿಯಾದವರು ಕೂಡಿ 2,50,000 ಕಾಲಾಳು, ಲ್ಯಾಟಿನ್ನರು 80,000, ಸ್ಯಾಮ್ನೈಟರು 70,000, ಇಟಲಿಯ ಹಿಮ್ಮಡಿಯ ಭಾಗದಲ್ಲಿದ್ದ ಇಯಾಪಿಜಿಯನ್ನರು ಮತ್ತು ಮೆಸ್ಸಾಪಿಯನ್ನರು 50,000, ಲುಕೇನಿಯನ್ನರು 30,000. ಇವು ಪಟ್ಟಿಯಲ್ಲಿದ್ದ ಹೆಸರುಗಳು. ಇವಲ್ಲದೆ ಆಗಲೇ ದಂಡಿನಲ್ಲಿದ್ದವರೂ ಆ ಮೊತ್ತದಲ್ಲಿ ಸೇರಿದ್ದಾರೆ. ಕೆಲವರನ್ನು ಎರಡು ಬಾರಿ ಎಣಿಸಲಾಗಿದೆಯೇ, ವಯಸ್ಸಾದವರೂ ಇದರಲ್ಲಿ ಸೇರಿದ್ದಾರೆಯೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆಯಿದೆ. ಏಳು ಲಕ್ಷ ಜನರನ್ನು ಒಂದೇ ಸಲ ಯಾರೂ ದಂಡಿಗೆ ಕರೆಯಲಾರರು. ಹೊಲ ಉಳುವವರು ಬೇಕು, ಊಟ ಒದಗಿಸಬೇಕು. ಆದರೂ ಪಟ್ಟಿಯ ಪ್ರಮಾಣ ನಂಬತಕ್ಕದ್ದೆಂದೇ ನಮಗೆ ತೋರುತ್ತದೆ, ಏಕೆಂದರೆ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ರೋಮ್ ಅನುಭವಿಸಿದ ಸಾವುಗಳನ್ನೂ ಅದು ಕಟ್ಟಿದ ಸೈನ್ಯಗಳನ್ನೂ ಇದಕ್ಕಿಂತ ತೀರ ಚಿಕ್ಕ ಸಂಖ್ಯೆಯಿಂದ ವಿವರಿಸಲಾಗದು. ಈ ಪಟ್ಟಿಯನ್ನು ಕೊಡುವಾಗ ಪಾಲಿಬಿಯಸ್ ಒಂದು ಮಾತನ್ನು ಸೇರಿಸುತ್ತಾನೆ: ಇಷ್ಟು ಬಲವಿದ್ದ ಇಟಲಿಯ ಮೇಲೆ ಹ್ಯಾನಿಬಲ್ ಬಂದದ್ದು ಇಪ್ಪತ್ತು ಸಾವಿರಕ್ಕೂ ಕಡಿಮೆ ಜನರೊಂದಿಗೆ.

ಇನ್ನು, ಈ ಜನ ಎಲ್ಲಿಂದ ಬಂದರು ಎಂಬುದಕ್ಕೆ ಉತ್ತರ ರೋಮ್ ತಾನು ಗೆದ್ದವರೊಡನೆ ಮಾಡಿಕೊಂಡ ಏರ್ಪಾಡಿನಲ್ಲಿದೆ. ಗೆದ್ದ ಊರಿನಿಂದ ವರ್ಷವರ್ಷವೂ ಕಪ್ಪ ವಸೂಲು ಮಾಡುವುದು ಆ ಕಾಲದ ರಾಜ್ಯಗಳ ಸಾಮಾನ್ಯ ಪದ್ಧತಿ. ಇಟಲಿಯೊಳಗೆ ರೋಮ್ ಕಪ್ಪ ಕೇಳಲಿಲ್ಲ, ಆಳುಗಳನ್ನು ಕೇಳಿತು. ಸಮೀಪದ ಕೆಲವು ಊರುಗಳಿಗೆ ಪೂರ್ಣ ಪೌರತ್ವ ಸಿಕ್ಕಿತು. ಇನ್ನು ಕೆಲವಕ್ಕೆ ಮತದಾನದ ಹಕ್ಕಿಲ್ಲದ ಪೌರತ್ವ ಸಿಕ್ಕಿತು, ಎಂದರೆ ಸೈನಿಕ ಸೇವೆ ಮತ್ತು ತೆರಿಗೆಯ ಹೊಣೆ ಇತ್ತು, ರೋಮಿನಲ್ಲಿ ಅಧಿಕಾರವಿರಲಿಲ್ಲ. ಆಯಕಟ್ಟಿನ ಜಾಗಗಳಲ್ಲಿ ಲ್ಯಾಟಿನ್ ಹಕ್ಕಿನ (ಪೂರ್ಣ ಪೌರತ್ವಕ್ಕಿಂತ ಕಡಿಮೆಯ ಹಕ್ಕಿನ) ಹೊಸ ಊರುಗಳನ್ನು ಕಟ್ಟಿ ಭೂಮಿಯಿಲ್ಲದವರನ್ನು ನೆಲೆಗೊಳಿಸಲಾಯಿತು. 218ರಲ್ಲಿ ಪೋ ನದಿಯ ದಡದ ಪ್ಲಸೆಂಟಿಯಾ ಮತ್ತು ಕ್ರೆಮೋನಾಗಳಿಗೆ ತಲಾ ಆರು ಸಾವಿರ ಕುಟುಂಬಗಳನ್ನು ಕಳುಹಿಸಿದ್ದು ಇದರ ದೊಡ್ಡ ಉದಾಹರಣೆ. ಉಳಿದವರು ಒಪ್ಪಂದದ ಮಿತ್ರರು. ಅವರು ತಮ್ಮ ಊರಿನ ಆಡಳಿತ, ಭಾಷೆ, ದೇವರುಗಳನ್ನು ಉಳಿಸಿಕೊಂಡು, ರೋಮ್ ಕೇಳಿದಾಗ ತಮ್ಮ ಪಾಲಿನ ಸೈನಿಕರನ್ನು ತಮ್ಮದೇ ಸಂಬಳ ಕೊಟ್ಟು ಕಳುಹಿಸಬೇಕಾಗಿತ್ತು. ಒಂದು ರೋಮನ್ ಲೀಜನ್ ಎಂದರೆ ಸಾಮಾನ್ಯವಾಗಿ 4,200 ಕಾಲಾಳು, 300 ಸವಾರರು. ಅದರ ಜೊತೆ ಹೋಗುತ್ತಿದ್ದ ಮಿತ್ರರ ಕಾಲಾಳುಗಳ ಸಂಖ್ಯೆ ಬಹುಮಟ್ಟಿಗೆ ಅಷ್ಟೇ, ಸವಾರರ ಸಂಖ್ಯೆ ಮೂರರಷ್ಟು. ಹೀಗಾಗಿ ನಾವು ರೋಮನ್ ಸೈನ್ಯವೆಂದು ಕರೆಯುವುದರಲ್ಲಿ ಅರ್ಧಕ್ಕೂ ಹೆಚ್ಚು ಜನ ರೋಮಿನ ಪೌರರೇ ಆಗಿರಲಿಲ್ಲ.

ಗ್ರೀಕ್ ನಗರಗಳು ನಡೆದದ್ದು ಬೇರೆ ದಾರಿಯಲ್ಲಿ. ಅಥೆನ್ಸಿನಲ್ಲಿ 451ರ ಕಾನೂನಿನ ನಂತರ ತಂದೆತಾಯಿ ಇಬ್ಬರೂ ಪೌರರಾಗಿದ್ದವರಿಗೆ ಮಾತ್ರ ಪೌರತ್ವ. ಸ್ಪಾರ್ಟಾದ ಪೂರ್ಣ ಪೌರರ ಸಂಖ್ಯೆ ಕುಗ್ಗುತ್ತ ಕುಗ್ಗುತ್ತ ಮೂರನೆಯ ಶತಮಾನದ ನಡುಭಾಗಕ್ಕೆ ಏಳು ನೂರನ್ನು ಮೀರಿರಲಿಲ್ಲ. ಈ ವ್ಯತ್ಯಾಸ ಆ ಕಾಲದ ಗ್ರೀಕರ ಕಣ್ಣಿಗೆ ಬೀಳದೆ ಇರಲಿಲ್ಲ ಎಂಬುದಕ್ಕೆ ಅಪರೂಪದ ಸಾಕ್ಷ್ಯವೊಂದು ಕಲ್ಲಿನ ಮೇಲೆ ಉಳಿದಿದೆ. ಜನಸಂಖ್ಯೆ ಇಳಿದು ಹೊಲಗಳು ಪಾಳುಬಿದ್ದಿದ್ದ ಥೆಸ್ಸಲಿಯ ಲಾರಿಸ್ಸಾ ನಗರಕ್ಕೆ 215ರ ಸುಮಾರಿಗೆ ಒಂದು ಪತ್ರ ಬಂತು. ಅಲ್ಲಿ ನೆಲೆಸಿದ್ದ ಹೊರಗಿನ ಗ್ರೀಕರನ್ನು ಪೌರರ ಪಟ್ಟಿಗೆ ಸೇರಿಸಬೇಕೆಂದು ಒತ್ತಾಯಿಸುತ್ತ, ರೋಮನರು ಬಿಡುಗಡೆ ಮಾಡಿದ ಗುಲಾಮರನ್ನೂ ಪೌರರನ್ನಾಗಿ ಮಾಡಿಕೊಳ್ಳುತ್ತಾರೆ, ಅದರಿಂದಲೇ ತಮ್ಮ ನಾಡನ್ನು ಬೆಳೆಸಿ ಹೆಚ್ಚುಕಡಿಮೆ ಎಪ್ಪತ್ತು ಕಡೆ ವಸಾಹತುಗಳನ್ನು ಕಳುಹಿಸಿದ್ದಾರೆ ಎಂದು ಆ ಪತ್ರ ತಿಳಿಸುತ್ತದೆ. ಎಪ್ಪತ್ತು ಎಂಬುದು ಉತ್ಪ್ರೇಕ್ಷೆ. ಆದರೆ ಬರೆದವನು ಬೇರಾರೂ ಅಲ್ಲ, ಹದಿನೆಂಟು ವರ್ಷಗಳ ನಂತರ ಅದೇ ಥೆಸ್ಸಲಿಯಲ್ಲಿ ರೋಮನರಿಗೆ ಸೋಲಲಿದ್ದ ಐದನೆಯ ಫಿಲಿಪ್. ತನ್ನ ಮುಂದಿನ ಶತ್ರುವಿನ ಬಲದ ಮೂಲವನ್ನು ಅವನಷ್ಟು ಖಚಿತವಾಗಿ ಗುರುತಿಸಿದ ಇನ್ನೊಬ್ಬ ಗ್ರೀಕ್ ದೊರೆಯನ್ನು ನಾವು ಕಾಣೆವು.

ಪ್ರಶ್ನೆ: ಕ್ಯಾನೇಯಂಥ ಸೋಲಿನ ನಂತರ ಮಿತ್ರರೆಲ್ಲರೂ ರೋಮನ್ನು ಏಕೆ ಕೈಬಿಡಲಿಲ್ಲ? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಹಲವರು ಕೈಬಿಟ್ಟರು. ಇಟಲಿಯ ಎರಡನೆಯ ದೊಡ್ಡ ನಗರವೆನಿಸಿದ್ದ ಕಪುವಾ, ಬ್ರುಟ್ಟಿಯನ್ನರು, ಸ್ಯಾಮ್ನೈಟ್ ಮತ್ತು ಲುಕೇನಿಯನ್ನರಲ್ಲಿ ಬಹುಪಾಲು ಜನ, ಆಮೇಲೆ ಟರೆಂಟಮ್ ಹ್ಯಾನಿಬಲನ ಕಡೆಗೆ ಹೋದವು. ಮಿತ್ರರ ಕಡೆಯ ಸೆರೆಯಾಳುಗಳನ್ನು ಹ್ಯಾನಿಬಲ್ ಬಿಡುಗಡೆಯ ಹಣ ಕೇಳದೆ ಮನೆಗೆ ಕಳುಹಿಸುತ್ತಿದ್ದುದು ಈ ಉದ್ದೇಶದಿಂದಲೇ. ಆದರೆ ಪಕ್ಷ ಬದಲಿಸಿದ ಊರುಗಳು ತಮ್ಮ ಜನರನ್ನು ದೂರದ ಯುದ್ಧಕ್ಕೆ ಕಳುಹಿಸಲು ಒಪ್ಪಲಿಲ್ಲ, ತಮ್ಮನ್ನು ಕಾಪಾಡಬೇಕೆಂದು ಅವನನ್ನೇ ಕೇಳಿದವು. ಮಧ್ಯ ಇಟಲಿಯ ಮಿತ್ರರು ಮತ್ತು ಆಯಕಟ್ಟಿನ ಲ್ಯಾಟಿನ್ ಊರುಗಳು ಜಗ್ಗಲಿಲ್ಲ.

ಆ ನಿಷ್ಠೆಗೂ ಮಿತಿಯಿತ್ತು. 209ರಲ್ಲಿ ಮೂವತ್ತು ಲ್ಯಾಟಿನ್ ಊರುಗಳ ಪೈಕಿ ಹನ್ನೆರಡು ಊರುಗಳ ಪ್ರತಿನಿಧಿಗಳು ಇನ್ನು ಕೊಡಲು ತಮ್ಮಲ್ಲಿ ಜನರೂ ಇಲ್ಲ, ಹಣವೂ ಇಲ್ಲ ಎಂದು ರೋಮಿನ ವಾರ್ಷಿಕ ಮುಖ್ಯಾಧಿಕಾರಿಗಳಾದ ಕಾನ್ಸಲರಿಗೆ ನೇರವಾಗಿ ಹೇಳಿದರು. ಹತ್ತು ವರ್ಷಗಳಿಂದ ಮಕ್ಕಳನ್ನು ದೂರದ ದಂಡಿಗೆ ಕಳುಹಿಸುತ್ತಿದ್ದ ಆ ಊರುಗಳ ಮಾತಿನಲ್ಲಿ ದ್ರೋಹಕ್ಕಿಂತ ಬಳಲಿಕೆಯೇ ಹೆಚ್ಚು ಕಾಣುತ್ತದೆ. ಉಳಿದ ಹದಿನೆಂಟು ಊರುಗಳ ಪರವಾಗಿ ಫ್ರೆಗೆಲ್ಲೇ ಊರಿನ ಪ್ರತಿನಿಧಿಯು, ಒಪ್ಪಂದದಷ್ಟು ಜನ ಸಿದ್ಧರಿದ್ದಾರೆ, ಬೇಕಾದರೆ ಇನ್ನೂ ಹೆಚ್ಚು ಕೊಡುತ್ತೇವೆ ಎಂದನು. ಈ ಊರಿನ ಹೆಸರನ್ನು ನೆನಪಿನಲ್ಲಿಡಬೇಕೆಂದು ಓದುಗರನ್ನು ಕೋರುತ್ತೇವೆ. ಐದು ವರ್ಷಗಳ ನಂತರ, ಅಪಾಯ ಇಳಿದಾಗ, ನಿರಾಕರಿಸಿದ ಹನ್ನೆರಡು ಊರುಗಳಿಂದ ಅವು ಹಿಂದೆ ಯಾವುದೇ ವರ್ಷ ಕೊಟ್ಟಿದ್ದ ಗರಿಷ್ಠ ಸಂಖ್ಯೆಯ ಎರಡರಷ್ಟು ಕಾಲಾಳುಗಳನ್ನು ಸೆನೆಟ್ ದಂಡವಾಗಿ ಕೇಳಿತು.

ರೋಮನರೂ ತೆತ್ತ ಬೆಲೆ ಕಡಿಮೆಯದಲ್ಲ. 234ರ ಗಣತಿಯಲ್ಲಿ 2,70,713 ಇದ್ದ ವಯಸ್ಕ ಪೌರರ ಸಂಖ್ಯೆ 208ರ ಗಣತಿಯ ಪಾಠದಲ್ಲಿ 1,37,108 ಎಂದಿದೆ. ಹೊರಗೆ ದಂಡಿನಲ್ಲಿದ್ದವರು ಲೆಕ್ಕಕ್ಕೆ ಬಾರದಿರುವುದು, ಕಪುವಾದವರು ಪಟ್ಟಿಯಿಂದ ಬಿಟ್ಟುಹೋದದ್ದು ಈ ಇಳಿತಕ್ಕೆ ಭಾಗಶಃ ಕಾರಣ, ಉಳಿದದ್ದು ಸಾವು.

ಪ್ರಶ್ನೆ: ಹಾಗಾದರೆ ಕೈಯಲ್ಲಿ ಸೈನಿಕರು ಹೇರಳವಾಗಿದ್ದುದರಿಂದಲೇ ರೋಮ್ ಗ್ರೀಸಿನ ಕಡೆಗೆ ಹೊರಟಿತೇ? (ಮೈಸೂರಿನ ಉಪನ್ಯಾಸಕರೊಬ್ಬರು)

ಉತ್ತರ: ಜನಬಲ ಸಾಧ್ಯತೆಯನ್ನು ಒದಗಿಸಿತು, ಹೊರಡುವ ನಿರ್ಧಾರಕ್ಕೆ ಬೇರೆ ಕಾರಣಗಳಿದ್ದವು. 229ರಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಇಟಲಿಯ ವರ್ತಕರನ್ನು ಕಾಡುತ್ತಿದ್ದ ಇಲ್ಲಿರಿಯಾದ ಹಡಗುಗಳ ಮೇಲೆ ರೋಮ್ ಮೊದಲ ಬಾರಿಗೆ ಆ ಕಡೆಗೆ ದಂಡು ಕಳುಹಿಸಿತು. 215ರಲ್ಲಿ ಫಿಲಿಪ್ ಹ್ಯಾನಿಬಲನೊಡನೆ ಒಪ್ಪಂದ ಮಾಡಿಕೊಂಡದ್ದು ರೋಮನರ ಮನಸ್ಸಿನಿಂದ ಅಳಿಯಲಿಲ್ಲ. ಆಮೇಲೆ ಗ್ರೀಕ್ ರಾಜ್ಯಗಳಾದ ರೋಡ್ಸ್ ಮತ್ತು ಪರ್ಗಮಮ್ ಫಿಲಿಪನ ವಿರುದ್ಧ ನೆರವು ಕೋರಿ ಬಂದವು.

ಜನಸಾಮಾನ್ಯರಿಗೆ ಈ ಯುದ್ಧ ಬೇಕಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 200ರಲ್ಲಿ ಮ್ಯಾಸಿಡೋನಿಯಾದ ಮೇಲೆ ಯುದ್ಧ ಸಾರುವ ಪ್ರಸ್ತಾವ ಜನಸಭೆಯ ಮುಂದೆ ಬಂದಾಗ ಹೆಚ್ಚುಕಡಿಮೆ ಎಲ್ಲ ಮತವಿಭಾಗಗಳೂ ಅದನ್ನು ತಿರಸ್ಕರಿಸಿದವು. ಹ್ಯಾನಿಬಲನ ಯುದ್ಧ ಮುಗಿದು ಒಂದು ವರ್ಷವೂ ಕಳೆದಿರಲಿಲ್ಲ. ಕಾನ್ಸಲ್ ಸುಲ್ಪಿಶಿಯಸ್ ಗಾಲ್ಬಾ ಮತ್ತೆ ಸಭೆ ಕರೆದು, ನಾವು ಅಲ್ಲಿಗೆ ಹೋಗದಿದ್ದರೆ ಫಿಲಿಪ್ ಪಿರ್ರಸ್‌ನಂತೆ ಇಲ್ಲಿಗೆ ಬರುತ್ತಾನೆಂದು ಹೆದರಿಸಿ ಒಪ್ಪಿಸಿದನು. ಆಫ್ರಿಕಾದಲ್ಲಿ ಹೋರಾಡಿ ಬಂದಿದ್ದವರನ್ನು ಇಷ್ಟವಿಲ್ಲದೆ ಕರೆದೊಯ್ಯುವುದಿಲ್ಲವೆಂಬ ಭರವಸೆ ಕೊಡಲಾಯಿತು. ಮರುವರ್ಷ ಮ್ಯಾಸಿಡೋನಿಯಾದ ಶಿಬಿರದಲ್ಲಿ 2,000 ಸೈನಿಕರು ದಂಗೆಯೆದ್ದರು. ತಾವು ಸ್ವಯಂಸೇವಕರೆಂದು ದಾಖಲಾಗಿದ್ದರೂ ನಿಜದಲ್ಲಿ ಅಧಿಕಾರಿಗಳು ಬಲವಂತವಾಗಿ ಹಡಗು ಹತ್ತಿಸಿದರೆಂದೂ, ಇಟಲಿಯನ್ನು ಕಾಣದೆ ಬಹಳ ವರ್ಷಗಳಾದವೆಂದೂ ಅವರು ದೂರಿದರು.

ಜನಬಲದ ಏರ್ಪಾಡು ಯುದ್ಧದ ಕಡೆಗೆ ತಳ್ಳುತ್ತಿತ್ತು ಎಂಬ ವಾದವೂ ಇದೆ, ಅದರಲ್ಲಿ ಹುರುಳಿದೆ. ಕಪ್ಪ ಪಡೆಯುವ ರಾಜ್ಯ ಯುದ್ಧವಿಲ್ಲದ ವರ್ಷದಲ್ಲೂ ತನ್ನ ಅಧಿಕಾರದ ಫಲವನ್ನು ಅನುಭವಿಸುತ್ತದೆ. ಮಿತ್ರರಿಂದ ಸೈನಿಕರನ್ನು ಬಿಟ್ಟು ಬೇರೇನನ್ನೂ ಪಡೆಯದ ರೋಮ್, ಆ ಸೈನಿಕರನ್ನು ಕರೆಯದಿದ್ದರೆ ತನ್ನ ಯಜಮಾನಿಕೆಯನ್ನು ತೋರಿಸುವ ಸಂದರ್ಭವನ್ನೇ ಕಳೆದುಕೊಳ್ಳುತ್ತಿತ್ತು. ಇದರ ಜೊತೆಗೆ, ಒಂದೇ ವರ್ಷದ ಅಧಿಕಾರಾವಧಿಯಲ್ಲಿ ವಿಜಯೋತ್ಸವದ ಮೆರವಣಿಗೆಯನ್ನು ಗಳಿಸಬೇಕೆಂಬ ಕಾನ್ಸಲರ ತವಕವೂ ಸೇರುತ್ತಿತ್ತು. ಹಾಗಿದ್ದೂ ಎರಡನೆಯ ಶತಮಾನದ ಮೊದಲ ದಶಕಗಳಲ್ಲಿ ರೋಮಿನ ಹೆಚ್ಚಿನ ಸೈನ್ಯ ಉತ್ತರ ಇಟಲಿಯಲ್ಲೂ ಸ್ಪೇನಿನಲ್ಲೂ ಇತ್ತು. ಫಿಲಿಪನನ್ನು ಗೆಲ್ಲಲು ಎರಡು ಲೀಜನ್‌ಗಳು ಮತ್ತು ಅವುಗಳ ಮಿತ್ರರು ಸಾಕಾದರು. ಒಂದು ಗ್ರೀಕ್ ರಾಜ್ಯ ತನ್ನ ಸರ್ವಸ್ವವನ್ನೂ ಪಣಕ್ಕೊಡ್ಡಿ ಹೋರಾಡುತ್ತಿದ್ದ ಯುದ್ಧ ರೋಮಿನ ಪಾಲಿಗೆ ಏಕಕಾಲದಲ್ಲಿ ನಡೆಯುತ್ತಿದ್ದ ಮೂರು ನಾಲ್ಕು ಯುದ್ಧಗಳಲ್ಲಿ ಒಂದಾಗಿತ್ತು.

ರೋಮ್ ಮೊದಲು ಬಯಸಿದ್ದು ಗ್ರೀಸನ್ನು ಆಳುವುದನ್ನಲ್ಲ. 196ರಲ್ಲಿ ಕಾರಿಂತಿನ ಬಳಿ ಇಸ್ತ್ಮಿಯನ್ ಕ್ರೀಡೆಗಳ ಸಂದರ್ಭದಲ್ಲಿ ಗ್ರೀಕರ ಸ್ವಾತಂತ್ರ್ಯವನ್ನು ಫಿಲಿಪನನ್ನು ಸೋಲಿಸಿದ ರೋಮನ್ ಸೇನಾಪತಿ ಫ್ಲಾಮಿನೈನಸ್ ಸಾರಿದನು, 194ರಲ್ಲಿ ಸೈನ್ಯ ಹಿಂದಿರುಗಿತು. ಆದರೆ 167ರಲ್ಲಿ, ಫಿಲಿಪನ ಮಗ ಪರ್ಸಿಯಸ್‌ನನ್ನು ಸೋಲಿಸಿ ಮರಳುವಾಗ, ಸೆನೆಟ್ಟಿನ ಆದೇಶದಂತೆ ಎಪೈರಸ್‌ನ ಎಪ್ಪತ್ತು ಊರುಗಳನ್ನು ಲೂಟಿ ಮಾಡಿ 1,50,000 ಜನರನ್ನು ಗುಲಾಮರನ್ನಾಗಿ ಮಾರಲಾಯಿತು. ಸ್ವಾತಂತ್ರ್ಯ ಸಾರಿದ ಸೈನ್ಯವೂ ಇದೇ. ರೋಮಿನ ಸಂಘಟನಾ ಶಕ್ತಿಯನ್ನು ಮೆಚ್ಚಿ ಬರೆಯುವವರು ಈ ಸಂಖ್ಯೆಯನ್ನು ಬಿಡಬಾರದು.

ಪ್ರಶ್ನೆ: ಕಾನ್ಸಲರ ಮತ್ತು ದೊರೆಗಳ ಕಥೆ ಬಿಟ್ಟು, ಈ ಯುದ್ಧಗಳಲ್ಲಿ ಹೋರಾಡಿದ ಸಾಮಾನ್ಯ ಸೈನಿಕನ ಬದುಕಿನ ಬಗ್ಗೆ ಏನಾದರೂ ದಾಖಲೆಯಿದೆಯೇ? (ಮಂಗಳೂರಿನ ಪದವಿ ವಿದ್ಯಾರ್ಥಿಯೊಬ್ಬರು)

ಉತ್ತರ: ಬಹಳ ಕಡಿಮೆ, ಆದ್ದರಿಂದಲೇ ಇರುವ ಒಂದು ವೃತ್ತಾಂತ ಅಮೂಲ್ಯವಾದದ್ದು. 171ರಲ್ಲಿ ಪರ್ಸಿಯಸ್‌ನ ಮೇಲೆ ಯುದ್ಧಕ್ಕೆ ಭರ್ತಿ ನಡೆಯುತ್ತಿದ್ದಾಗ, ಹಿಂದೆ ಲೀಜನ್ನಿನ ಅತ್ಯುನ್ನತ ಶತನಾಯಕರಾಗಿದ್ದ ಇಪ್ಪತ್ಮೂರು ಮಂದಿ, ಈಗ ತಮ್ಮನ್ನು ಕೆಳದರ್ಜೆಯಲ್ಲಿ ಸೇರಿಸಿಕೊಳ್ಳುವುದು ಅನ್ಯಾಯವೆಂದು, ಸಾಮಾನ್ಯರ ಹಿತ ಕಾಯುವ ಅಧಿಕಾರಿಗಳಾದ ಜನರ ಟ್ರಿಬ್ಯೂನರಿಗೆ ದೂರು ಕೊಟ್ಟರು. ಆಗ ಅವರಲ್ಲೊಬ್ಬನಾದ ಸ್ಪ್ಯೂರಿಯಸ್ ಲಿಗಸ್ಟೈನಸ್ ಎದ್ದು ತನ್ನ ಜೀವನವನ್ನು ಸಭೆಯ ಮುಂದೆ ಹೇಳಿಕೊಂಡನೆಂದು ಲಿವಿ ಬರೆಯುತ್ತಾನೆ. ಒಂದೂವರೆ ಶತಮಾನದ ನಂತರ ಬರೆದ ಲಿವಿ ಮಾತುಗಳನ್ನು ಜೋಡಿಸಿರಬೇಕು, ಆದರೆ ಸೇವೆಯ ವಿವರಗಳು ಆ ಕಾಲದ ಯುದ್ಧಗಳೊಡನೆ ಚೆನ್ನಾಗಿ ಹೊಂದುತ್ತವೆ.

ಅವನು ಸಬೈನ್ ಮೂಲದ ಬಡ ರೈತ. ತಂದೆ ಬಿಟ್ಟುಹೋದದ್ದು ಒಂದು ಯೂಗರಮ್ ಭೂಮಿ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 25 ಗುಂಟೆ, ಮತ್ತು ಅವನು ಹುಟ್ಟಿ ಬೆಳೆದ ಸಣ್ಣ ಗುಡಿಸಲು. ವರದಕ್ಷಿಣೆ ಏನನ್ನೂ ತಾರದ ಹೆಂಡತಿ, ಆರು ಗಂಡುಮಕ್ಕಳು, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು. 200ರಲ್ಲಿ ಸೈನ್ಯ ಸೇರಿ ಎರಡು ವರ್ಷ ಮ್ಯಾಸಿಡೋನಿಯಾದಲ್ಲಿ ಸಾಮಾನ್ಯ ಸೈನಿಕನಾಗಿದ್ದನು; ಮೂರನೆಯ ವರ್ಷ ಫ್ಲಾಮಿನೈನಸ್ ಅವನನ್ನು ಶತನಾಯಕನನ್ನಾಗಿ ಮಾಡಿದನು. ಹಿಂದಿರುಗಿದ ಕೂಡಲೇ ಕಾನ್ಸಲ್ ಕೇಟೋವಿನೊಡನೆ ಸ್ಪೇನಿಗೆ ಸ್ವಯಂಸೇವಕನಾಗಿ ಹೋದನು, ಆಮೇಲೆ ಆಂಟಿಯೋಕಸ್ ಮತ್ತು ಇಟೋಲಿಯನ್ನರ ವಿರುದ್ಧ ಗ್ರೀಸಿಗೆ, ಮತ್ತೆ ಎರಡು ಬಾರಿ ಸ್ಪೇನಿಗೆ. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಮೂವತ್ತನಾಲ್ಕು ಬಾರಿ ಶೌರ್ಯಕ್ಕಾಗಿ ಸನ್ಮಾನ ಪಡೆದನು. ಸಂಗಡಿಗ ಪೌರನೊಬ್ಬನ ಪ್ರಾಣ ಉಳಿಸಿದವನಿಗೆ ಕೊಡುವ ಓಕ್ ಎಲೆಯ ಕಿರೀಟ ಅವನಿಗೆ ಆರು ಬಾರಿ ದೊರೆತಿತ್ತು. ಐವತ್ತು ದಾಟಿದ್ದರಿಂದ ಕಾನೂನಿನ ಪ್ರಕಾರ ಅವನು ವಿನಾಯಿತಿ ಕೇಳಬಹುದಿತ್ತು, ಏಕೆಂದರೆ ಕಾಲಾಳುವಿನ ಹೊಣೆ ನಲವತ್ತಾರರವರೆಗೆ, ಹದಿನಾರು ವರ್ಷಗಳಿಗೆ ಸೀಮಿತವಾಗಿತ್ತು. ಅವನು ಕೇಳಲಿಲ್ಲ, ತನ್ನನ್ನು ಯೋಗ್ಯವೆಂದು ತೋರಿದ ಸ್ಥಾನದಲ್ಲಿ ಇರಿಸಿ ಎಂದನು. ಅವನನ್ನು ಮೊದಲನೆಯ ಲೀಜನ್ನಿನ ಹಿರಿಯ ಶತನಾಯಕನನ್ನಾಗಿ ನೇಮಿಸಲಾಯಿತು.

ಈ ಕಥೆಯನ್ನು ದೇಶಭಕ್ತಿಯ ಪಾಠವಾಗಿ ಓದುವ ರೂಢಿಯಿದೆ. ನಮಗೆ ಅದರಲ್ಲಿ ಹೆಚ್ಚು ಕಾಣುವುದು ಆ 25 ಗುಂಟೆ. ಅಷ್ಟು ನೆಲದಲ್ಲಿ ಹತ್ತು ಜನರ ಸಂಸಾರ ನಡೆಯದು. ಗೇಣಿ ಭೂಮಿಯೋ ಸಾರ್ವಜನಿಕ ಭೂಮಿಯೋ ಲೂಟಿಯ ಪಾಲೋ ಇಲ್ಲದೆ ಅವರು ಬದುಕಿರಲಾರರು. ಅದೇ ಭರ್ತಿಯಲ್ಲಿ ಅನೇಕರು ತಾವಾಗಿ ಮುಂದೆ ಬಂದದ್ದಕ್ಕೆ ಲಿವಿ ಕೊಡುವ ಕಾರಣವೂ ಇದಕ್ಕೆ ಹೊಂದುತ್ತದೆ: ಹಿಂದಿನ ಮ್ಯಾಸಿಡೋನಿಯಾ ಯುದ್ಧಕ್ಕೂ ಏಷ್ಯಾದ ಯುದ್ಧಕ್ಕೂ ಹೋದವರು ಸಿರಿವಂತರಾಗಿ ಮರಳಿದ್ದನ್ನು ಅವರು ಕಂಡಿದ್ದರು. ಲಿಗಸ್ಟೈನಸ್ ಮನೆಯಿಂದ ದೂರವಿದ್ದ ಆ ವರ್ಷಗಳಲ್ಲಿ ಎಂಟು ಮಕ್ಕಳನ್ನೂ ಹೊಲವನ್ನೂ ನೋಡಿಕೊಂಡ ಹೆಂಡತಿಯ ಹೆಸರು ದಾಖಲೆಯಲ್ಲಿ ಇಲ್ಲ. ರೋಮಿನ ಜನಬಲದ ಲೆಕ್ಕವನ್ನು ಹಾಕುವಾಗ ಆಕೆಯಂಥವರ ದುಡಿಮೆಯನ್ನೂ ಸೇರಿಸಬೇಕು.

ಪ್ರಶ್ನೆ: ಗ್ರೀಕ್ ದೊರೆಗಳು ಈ ಕೊರತೆಯನ್ನು ತುಂಬಿಕೊಳ್ಳಲು ಪ್ರಯತ್ನಿಸಲಿಲ್ಲವೇ? (ಕಲಬುರಗಿಯ ಓದುಗರೊಬ್ಬರು)

ಉತ್ತರ: ಪ್ರಯತ್ನಿಸಿದರು. ಸೋತ ಫಿಲಿಪ್ ತನ್ನ ಪ್ರಜೆಗಳು ಮಕ್ಕಳನ್ನು ಹೆತ್ತು ಬೆಳೆಸಲೇಬೇಕೆಂದು ಕಟ್ಟುಮಾಡಿದನು, ಥ್ರೇಸ್‌ನಿಂದ ಬಹಳಷ್ಟು ಜನರನ್ನು ತಂದು ಮ್ಯಾಸಿಡೋನಿಯಾದಲ್ಲಿ ನೆಲೆಗೊಳಿಸಿದನು. ಅದರ ಫಲವಾಗಿ ಅವನ ಮಗ ಪರ್ಸಿಯಸ್ 171ರಲ್ಲಿ 39,000 ಕಾಲಾಳುಗಳನ್ನೂ 4,000 ಸವಾರರನ್ನೂ ಕೂಡಿಸಲು ಸಾಧ್ಯವಾಯಿತು. ಆದರೆ ಅದಕ್ಕೆ ಇಪ್ಪತ್ತಾರು ವರ್ಷಗಳ ಶಾಂತಿ ಬೇಕಾಯಿತು. 168ರ ಜೂನ್‌ನಲ್ಲಿ ಪಿಡ್ನಾದ ಬಯಲಿನಲ್ಲಿ ಒಂದೇ ಮಧ್ಯಾಹ್ನ ಅವರಲ್ಲಿ ಸುಮಾರು 20,000 ಜನ ಸತ್ತರು, ಅರಸೊತ್ತಿಗೆಯೂ ಅಲ್ಲಿಗೆ ಮುಗಿಯಿತು. ಸಿರಿಯಾದ ನಾಲ್ಕನೆಯ ಆಂಟಿಯೋಕಸ್ ಇದಾದ ಕೆಲವೇ ವರ್ಷಗಳಲ್ಲಿ ಡ್ಯಾಫ್ನೆಯಲ್ಲಿ ನಡೆಸಿದ ಸೈನಿಕ ಮೆರವಣಿಗೆಯ ಮುಂಚೂಣಿಯಲ್ಲಿ ರೋಮನ್ ಮಾದರಿಯ ಆಯುಧ ಧರಿಸಿದ 5,000 ಯುವಕರಿದ್ದರು. ಆಯುಧವನ್ನು ನಕಲು ಮಾಡಬಹುದಿತ್ತು. ಅದರ ಹಿಂದಿದ್ದ ಪೌರತ್ವದ ಏರ್ಪಾಡನ್ನು ಯಾವ ದೊರೆಯೂ ಕೈಗೆತ್ತಿಕೊಳ್ಳಲಿಲ್ಲ. 146ರಲ್ಲಿ ಗ್ರೀಕ್ ನಗರಗಳ ಅಕಿಯನ್ ಒಕ್ಕೂಟದ ದಂಡನಾಯಕ ಡಯಿಯಸ್ 12,000 ಗುಲಾಮರನ್ನು ಬಿಡುಗಡೆ ಮಾಡಿ ಆಯುಧ ಕೊಡಬೇಕೆಂದು ನಗರಗಳಿಗೆ ಆದೇಶಿಸಿದನು. ಕ್ಯಾನೇಯ ನಂತರ ರೋಮ್ ಮಾಡಿದ್ದೂ ಇದನ್ನೇ, ಆದರೆ ಡಯಿಯಸ್‌ಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಅದೇ ವರ್ಷ ರೋಮನ್ ಕಾನ್ಸಲ್ ಮಮ್ಮಿಯಸ್ ಕಾರಿಂತನ್ನು ನೆಲಸಮ ಮಾಡಿದನು.

ಪ್ರಶ್ನೆ: ಇಷ್ಟೆಲ್ಲ ಗೆಲುವುಗಳಲ್ಲಿ ಇಟಲಿಯ ಮಿತ್ರರಿಗೆ ಅವರ ಪಾಲು ಸಿಕ್ಕಿತೇ? (ಹಾಸನದ ಓದುಗರೊಬ್ಬರು)

ಉತ್ತರ: ಆರಂಭದಲ್ಲಿ ಲೂಟಿಯಲ್ಲೂ ಹೊಸ ಊರುಗಳ ಭೂಮಿಯಲ್ಲೂ ಅವರಿಗೆ ಪಾಲಿತ್ತು; ಗ್ರೀಕ್ ಜಗತ್ತಿನ ಸಂಪತ್ತು ಹರಿದು ಬರತೊಡಗಿದ ಮೇಲೆ ಪಾಲು ಕುಗ್ಗಿತು. 177ರ ಒಂದು ವಿಜಯೋತ್ಸವದಲ್ಲಿ ಮಿತ್ರ ಸೈನಿಕರಿಗೆ ಪೌರರ ಅರ್ಧದಷ್ಟು ಬಹುಮಾನ ಕೊಡಲಾಯಿತು. ಅವರು ಒಂದು ಜಯಘೋಷವನ್ನೂ ಮಾಡದೆ ರಥದ ಹಿಂದೆ ನಡೆದರು. 173ರಲ್ಲಿ ಉತ್ತರ ಇಟಲಿಯ ಭೂಮಿಯನ್ನು ಹಂಚಿದಾಗ ಪೌರನಿಗೆ ಹತ್ತು ಯೂಗರಮ್, ಲ್ಯಾಟಿನ್ ಮಿತ್ರನಿಗೆ ಮೂರು. 167ರಿಂದ ಮ್ಯಾಸಿಡೋನಿಯಾದ ಸಂಪತ್ತಿನ ಬಲದಿಂದ ರೋಮಿನ ಪೌರರಿಗೆ ಯುದ್ಧತೆರಿಗೆ ಮಾಫಿಯಾಯಿತು. ಮಿತ್ರರು ತಮ್ಮ ಸೈನಿಕರ ಸಂಬಳವನ್ನು ತಾವೇ ತೆರುತ್ತಲೇ ಇದ್ದರು. ಹಿಂದೆ ಗೆದ್ದವರನ್ನು ಒಳಗೆ ಸೇರಿಸಿಕೊಂಡು ಬೆಳೆದ ನಗರ ಈಗ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಪೌರತ್ವ ನೀಡುವ ಪ್ರಸ್ತಾವವೊಂದು ಬಿದ್ದುಹೋದಾಗ, 125ರಲ್ಲಿ, ಮೊದಲು ಬಂಡೆದ್ದ ಊರು ಫ್ರೆಗೆಲ್ಲೇ. 209ರಲ್ಲಿ ಹದಿನೆಂಟು ಊರುಗಳ ಪರವಾಗಿ ಇನ್ನೂ ಹೆಚ್ಚು ಜನರನ್ನು ಕೊಡುತ್ತೇವೆಂದು ನಿಂತಿದ್ದ ಊರು ಅದೇ. ರೋಮ್ ಅದನ್ನು ನಾಶಮಾಡಿತು.

91ರಲ್ಲಿ ಸ್ಯಾಮ್ನೈಟರು, ಮಾರ್ಸಿಯನ್ನರು ಮತ್ತಿತರ ಮಿತ್ರರು ಒಟ್ಟಾಗಿ ದಂಗೆಯೆದ್ದರು. ಮ್ಯಾಸಿಡೋನಿಯಾದಲ್ಲೂ ಏಷ್ಯಾದಲ್ಲೂ ಒಂದೇ ಶಿಬಿರದಲ್ಲಿ ಇದ್ದವರ ಮೊಮ್ಮಕ್ಕಳು, ಒಂದೇ ಬಗೆಯ ಆಯುಧ ಮತ್ತು ತರಬೇತಿಯೊಡನೆ, ಎದುರುಬದುರಾಗಿ ನಿಂತರು. ಯುದ್ಧ ನಡೆಯುತ್ತಿರುವಾಗಲೇ, 90ರಲ್ಲಿ, ನಿಷ್ಠರಾಗಿ ಉಳಿದಿದ್ದ ಮಿತ್ರರಿಗೆ ಪೌರತ್ವ ಕೊಡುವ ಕಾನೂನು ಬಂತು. ಕ್ರಮೇಣ ಪೋ ನದಿಯ ದಕ್ಷಿಣದ ಇಟಲಿಯೆಲ್ಲ ಅದರೊಳಗೆ ಸೇರಿತು. 115ರ ಗಣತಿಯಲ್ಲಿ 3,94,336 ಇದ್ದ ಪೌರರ ಸಂಖ್ಯೆ 70ರ ಗಣತಿಯಲ್ಲಿ ಸುಮಾರು 9 ಲಕ್ಷವಾಯಿತು. ಹೊಸದಾಗಿ ಸೇರಿದ ಆ ಹೆಸರುಗಳಲ್ಲಿ ಬಹುಪಾಲು, ಎರಡು ನೂರು ವರ್ಷ ರೋಮಿನ ಸೈನ್ಯದ ಅರ್ಧಭಾಗವನ್ನು ತುಂಬಿದ್ದ ಊರುಗಳವು.